ನಾಲ್ಕು ಅಂಗೈಗಳ ಆಧಾರ

ಮೋಟಾರು ಕಾರನ್ನು ಕೊಳ್ಳಹೊರಟ ಗೃಹಸ್ಥನು ಅದರ ಬಣ್ಣವನ್ನು ನೋಡುತ್ತಾನೆ. ಆಸನಗಳನ್ನು ಒತ್ತಿ ನೋಡುತ್ತಾನೆ. ಲೀಟರಿಗೆ ಎಷ್ಟು ಕಿಲೋಮೀಟರು ಓಡೀತೆಂದು ಎರಡು ಸಲ ಕೇಳುತ್ತಾನೆ. ಗೃಹಿಣಿಯು ಹಿಂದುಗಡೆ ಎಷ್ಟು ಸಾಮಾನು ಹಿಡಿಸೀತೆಂದು ವಿಚಾರಿಸುತ್ತಾಳೆ. ಮಕ್ಕಳಿಗೆ ಹಾಡು ಕೇಳಿಸಿದರೆ ಸಾಕು. ಟೈರುಗಳ ಕಡೆಗೆ ಬಗ್ಗಿ ಕಣ್ಣು ಹಾಯಿಸುವವರು ಮಾತ್ರ ಬಲು ವಿರಳ. ಒಂದು ಜೊತೆ ಚಪ್ಪಲಿಯನ್ನು ಕೊಳ್ಳುವಾಗ ನಾವು ತೋರುವ ಎಚ್ಚರದ ಕಾಲುಭಾಗವನ್ನೂ ಕಾರಿನ ಪಾದಗಳ ವಿಷಯದಲ್ಲಿ ತೋರುವುದಿಲ್ಲ.

ಒಂದು ಸಣ್ಣ ಲೆಕ್ಕವನ್ನು ಮಾಡೋಣ. ಕಾರಿನ ತೂಕ ಸಾವಿರ ಕಿಲೋಗ್ರಾಮ್ ಎಂದಿಟ್ಟುಕೊಳ್ಳಿ. ನಾಲ್ಕು ಗಾಲಿಗಳೂ ಸಮನಾಗಿ ಹೊತ್ತರೆ ಒಂದೊಂದರ ಪಾಲಿಗೆ 250. ಟೈರಿನೊಳಗಿನ ಗಾಳಿಯ ಒತ್ತಡ 32 ಪೌಂಡು, ಅಂದರೆ ಚದರ ಸೆಂಟಿಮೀಟರಿಗೆ ಸುಮಾರು ಎರಡೂಕಾಲು ಕಿಲೋಗ್ರಾಮ್. ಭಾಗಿಸಿ ನೋಡಿದರೆ ನೆಲವನ್ನು ಮುಟ್ಟುವ ರಬ್ಬರು ಸುಮಾರು 110 ಚದರ ಸೆಂಟಿಮೀಟರು. ಟೈರಿನ ಗೋಡೆಗಳ ಬಿಗಿತದಿಂದ ಈ ಲೆಕ್ಕ ಕೊಂಚ ಆಚೀಚೆ ಆಗುವುದುಂಟು. ಆದರೆ ಸಾರಾಂಶ ಬದಲಾಗುವುದಿಲ್ಲ. ನಿಮ್ಮ ಸಂಸಾರವೆಲ್ಲ ಕುಳಿತು ಸಾಗುವ ಆ ವಾಹನಕ್ಕೆ ಭೂಮಿಯೊಡನೆ ಇರುವ ಸಂಬಂಧ ನಾಲ್ಕು ಅಂಗೈಗಳ ಅಗಲದ್ದು. ಓಡುವುದು, ತಿರುಗುವುದು, ನಿಲ್ಲುವುದು ಎಲ್ಲವೂ ಆ ನಾಲ್ಕು ಅಂಗೈಗಳ ಕೃಪೆ.

ಕನ್ನಡದ ಅಧ್ಯಾಪಕನಿಗೆ ಟೈರಿನ ಗೊಡವೆ ಏಕೆ ಬಂದಿತೆಂದು ವಾಚಕರು ಹುಬ್ಬೇರಿಸಬಹುದು. ಬಂದದ್ದು ನನ್ನ ಹಳೆಯ ವಿದ್ಯಾರ್ಥಿಯೊಬ್ಬನಿಂದ. ಆತ ಬೆಂಗಳೂರಿನಲ್ಲಿ ಉದ್ಯೋಗಸ್ಥ. ಸಾಲದ ಕಂತುಗಳನ್ನು ಇನ್ನೂ ತೀರಿಸುತ್ತಿರುವ ಪುಟ್ಟ ಕಾರೊಂದರ ಒಡೆಯ. ಆ ಕಾರಿನಲ್ಲಿಯೇ ತಾಯಿಯನ್ನು ಆಸ್ಪತ್ರೆಗೂ ದೇವಸ್ಥಾನಕ್ಕೂ ಕರೆದೊಯ್ಯುವವನು. ಈತನಿಗೆ 'ಟ್ರ್ಯಾಕ್ ದಿನ'ದ ಹುಚ್ಚು ಹಿಡಿಯಿತು. ಓಟದ ಸ್ಪರ್ಧೆಗಳಿಗೆಂದು ಕಟ್ಟಿದ ಪಥವನ್ನು ಸ್ಪರ್ಧೆಯಿಲ್ಲದ ದಿನಗಳಲ್ಲಿ ಶುಲ್ಕ ಪಡೆದು ಸಾಮಾನ್ಯ ವಾಹನಗಳಿಗೆ ತೆರೆಯುತ್ತಾರೆ. ಅಲ್ಲಿ ಬಹುಮಾನವಿಲ್ಲ, ಮೊದಲಿಗನೂ ಕೊನೆಯವನೂ ಇಲ್ಲ. ಶಿರಸ್ತ್ರಾಣ ಧರಿಸಿ, ಹದಿನೈದು ಇಪ್ಪತ್ತು ನಿಮಿಷಗಳ ಸರದಿಗಳಲ್ಲಿ, ತನ್ನ ವಾಹನದ ಮಿತಿಯನ್ನೂ ತನ್ನ ಮಿತಿಯನ್ನೂ ತಾನೇ ತಿಳಿದುಕೊಳ್ಳುವ ಅಭ್ಯಾಸ ಅದು.

ತಾಯಿ ನನ್ನನ್ನು ಕೇಳಿದ ಪ್ರಶ್ನೆ ನೇರವಾಗಿತ್ತು: "ರಸ್ತೆಯಲ್ಲಿ ಪುಕ್ಕಟೆ ಸಿಕ್ಕುವ ಅಪಾಯ ಸಾಲದೆ? ಹಣ ಕೊಟ್ಟು ಮುನ್ನೂರು ಕಿಲೋಮೀಟರು ಹೋಗಿ ತರಬೇಕೆ?" ನನಗೆ ತಕ್ಷಣ ಉತ್ತರ ತೋಚಲಿಲ್ಲ. ಆದುದರಿಂದ ಒಂದು ಭಾನುವಾರ ಅವನೊಡನೆ ನಾನೂ ಹೊರಟೆ. ಹೋಗುವ ಮೊದಲೂ ಬಂದ ನಂತರವೂ ಆ ವಿಷಯದ ಪುಸ್ತಕಗಳನ್ನು ಓದಿದೆ, ಬಲ್ಲವರನ್ನು ಕೇಳಿದೆ. ಅದರ ಫಲವೇ ಈ ಲೇಖನ.

ನಾವು ಹೋದದ್ದು ಶ್ರೀಪೆರುಂಬುದೂರಿನ ಬಳಿಯ ಇರುಂಗಾಟ್ಟುಕೋಟ್ಟೈಗೆ. ಮೇಲುಕೋಟೆಯನ್ನು ಬಲ್ಲ ಕನ್ನಡಿಗರಿಗೆ ಶ್ರೀಪೆರುಂಬುದೂರು ಎಂದೊಡನೆ ರಾಮಾನುಜಾಚಾರ್ಯರ ಜನ್ಮಸ್ಥಳವೆಂದು ನೆನಪಾಗುವುದು ಸಹಜ. ಮೋಟಾರು ಪ್ರಿಯರಿಗೆ ಅದೇ ದಾರಿ ಬೇರೊಂದು ಕ್ಷೇತ್ರದ ದಾರಿ. ಮದರಾಸಿನ ಉತ್ತರಕ್ಕಿರುವ ಶೋಲಾವರಂ ಎಂಬಲ್ಲಿ ಯುದ್ಧಕಾಲದ ಹಳೆಯ ವಿಮಾನದ ಓಡುದಾರಿಯ ಮೇಲೆ ದಶಕಗಳ ಕಾಲ ಮೋಟಾರು ಸ್ಪರ್ಧೆಗಳು ನಡೆದಿದ್ದುವು. ಬಳಿಕ ಮದರಾಸು ಮೋಟಾರು ಸ್ಪೋರ್ಟ್ಸ್ ಕ್ಲಬ್ಬಿನವರು ಇರುಂಗಾಟ್ಟುಕೋಟ್ಟೈಯಲ್ಲಿ ಸುಮಾರು 3.7 ಕಿಲೋಮೀಟರು ಉದ್ದದ, ಹನ್ನೆರಡು ತಿರುವುಗಳ ಪಥವನ್ನು ನಿರ್ಮಿಸಿ 1990ರಲ್ಲಿ ತೆರೆದರು. ಕೊಯಮತ್ತೂರಿನಲ್ಲಿ ದಿವಂಗತ ಕರಿವರ್ಧನರ ಹೆಸರಿನ ಪಥವೊಂದಿದೆ. ದಿಲ್ಲಿಯ ಬಳಿ ಗ್ರೇಟರ್ ನೊಯ್ಡಾದಲ್ಲಿ 2011ರಿಂದ 2013ರವರೆಗೆ ಮೂರು ವರ್ಷ ಫಾರ್ಮುಲಾ ಒನ್ ಸ್ಪರ್ಧೆ ನಡೆದ 5.125 ಕಿಲೋಮೀಟರಿನ ಬುದ್ಧ ಪಥವಿದೆ.

ಇನ್ನು ವಿಷಯಕ್ಕೆ ಬರೋಣ. ತಿರುವಿನಲ್ಲಿ ಟೈರಿನ ಮೇಲೆ ಬೀಳುವ ಹೊರೆ ವೇಗದೊಡನೆ ಸಮಸಮವಾಗಿ ಏರುವುದಿಲ್ಲ. ವೇಗದ ವರ್ಗದಂತೆ ಏರುತ್ತದೆ. ಐವತ್ತು ಮೀಟರು ತ್ರಿಜ್ಯದ ತಿರುವನ್ನು ಗಂಟೆಗೆ 60 ಕಿಲೋಮೀಟರು ವೇಗದಲ್ಲಿ ಸುತ್ತಿದರೆ ಟೈರುಗಳು ಕಾರಿನ ತೂಕದ ನೂರಕ್ಕೆ 57 ಭಾಗದಷ್ಟು ಬಲದಿಂದ ಪಕ್ಕಕ್ಕೆ ಹಿಡಿಯಬೇಕು. ಅದೇ ತಿರುವನ್ನು 80ರಲ್ಲಿ ಸುತ್ತಿದರೆ ಕಾರಿನ ಪೂರ್ಣ ತೂಕದಷ್ಟು! ವೇಗ ಹೆಚ್ಚಿದ್ದು ಮೂರನೆಯ ಒಂದು ಭಾಗ. ಹೊರೆ ಹೆಚ್ಚಿದ್ದು ಮುಕ್ಕಾಲು ಭಾಗಕ್ಕೂ ಮಿಗಿಲು. ಮನೆಬಳಕೆಯ ಸಾಧಾರಣ ಟೈರುಗಳ ಕೈ ಸೋಲುವುದು ಈ ಎರಡು ವೇಗಗಳ ನಡುವೆ ಎಲ್ಲಿಯೋ ಒಂದೆಡೆ.

ರಬ್ಬರು ನೆಲವನ್ನು ಹಿಡಿಯುವ ಬಗೆಗಳು ಎರಡು. ಮೊದಲನೆಯದು ಅಂಟು: ರಬ್ಬರಿನ ಅಣುಗಳಿಗೂ ಕಲ್ಲಿನ ಅಣುಗಳಿಗೂ ನಡುವಣ ಕ್ಷಣಕಾಲದ ಸ್ನೇಹ. ಎರಡನೆಯದು, ಮೃದುವಾದ ರಬ್ಬರು ಜಲ್ಲಿಯ ಮೊನೆಗಳ ಸುತ್ತ ತಗ್ಗಿ, ಕೂಡಲೇ ಪುಟಿದೇಳದೆ ತಡೆದು ಏಳುವುದರಿಂದ ಹುಟ್ಟುವ ಹಿಡಿತ. ಎರಡಕ್ಕೂ ಹದವಾದ ಶಾಖ ಬೇಕು. ದೋಸೆಯ ಹೆಂಚನ್ನು ನೆನೆಯಿರಿ. ಹೆಂಚು ತಣ್ಣಗಿದ್ದರೆ ಹಿಟ್ಟು ಏಳುವುದಿಲ್ಲ. ಮಿತಿಮೀರಿ ಕಾದರೆ ಸೀದುಹೋಗುತ್ತದೆ. ಪಥಕ್ಕೆಂದೇ ಮಾಡಿದ ಟೈರುಗಳಲ್ಲಿ ಅನೇಕವು ಎಂಬತ್ತು ನೂರು ಡಿಗ್ರಿಗಳ ಶಾಖದಲ್ಲಿ ತಮ್ಮ ಪೂರ್ಣ ಶಕ್ತಿಯನ್ನು ತೋರುತ್ತವೆ. ಮನೆಬಳಕೆಯ ಟೈರು ಅಷ್ಟು ಕಾದರೆ ಬೆಣ್ಣೆ ಸವರಿದಂತೆ ಜಾರತೊಡಗುತ್ತದೆ. ಪಥದ ಟೈರನ್ನು ಧನುರ್ಮಾಸದ ಬೆಳಗಿನಲ್ಲಿ ಪೇಟೆಯ ರಸ್ತೆಯ ಮೇಲೆ ಓಡಿಸಿದರೆ ಅದು ತಣ್ಣನೆಯ ಹೆಂಚಿನಂತೆಯೇ.

ಟೈರಿನ ಪಕ್ಕದ ಬರಹ ಶಾಸನದಂತಿರುತ್ತದೆ; ಓದಲು ಕಲಿತವನಿಗೆ ಮಾತ್ರ ಒಲಿಯುತ್ತದೆ. '195/55 ಆರ್ 16 87 ವಿ' ಎಂದಿದ್ದರೆ ಅಗಲ 195 ಮಿಲಿಮೀಟರು. ಗೋಡೆಯ ಎತ್ತರ ಅಗಲದ ನೂರಕ್ಕೆ 55 ಭಾಗ. ಆರ್ ಎಂದರೆ ರೇಡಿಯಲ್ ರಚನೆ. ಒಳಗಿನ ಚಕ್ರದ ವ್ಯಾಸ 16 ಅಂಗುಲ. 87 ಎಂಬುದು 545 ಕಿಲೋಗ್ರಾಮ್ ಹೊರಬಲ್ಲುದೆಂಬ ಸಂಕೇತ. ವಿ ಎಂದರೆ ಗಂಟೆಗೆ 240 ಕಿಲೋಮೀಟರು ವೇಗದವರೆಗೆ ತಾಳಬಲ್ಲುದೆಂದು ಅರ್ಥ. ನಾಲ್ಕು ಅಂಕಿಗಳ ಇನ್ನೊಂದು ಗುರುತಿದೆ: 2324 ಎಂದಿದ್ದರೆ 2024ನೆಯ ಇಸವಿಯ ಇಪ್ಪತ್ಮೂರನೆಯ ವಾರದಲ್ಲಿ ತಯಾರಾದುದು. ಅಂಗಡಿಯಲ್ಲಿ ವರ್ಷಗಟ್ಟಲೆ ಮಲಗಿ ಗಟ್ಟಿಯಾದ ಟೈರು ಎಷ್ಟೇ ಹೆಸರುವಾಸಿಯಾಗಿದ್ದರೂ ಪಥಕ್ಕೆ ಸಲ್ಲದು.

ಇವುಗಳಲ್ಲದೆ, ಅಮೆರಿಕದ ನಿಯಮದಂತೆ ಬರೆಯುವ ಸವೆತದ ಸಂಖ್ಯೆಯೊಂದು ಹಲವು ಟೈರುಗಳ ಮೇಲಿರುತ್ತದೆ. ಪರೀಕ್ಷೆಯ ಮಾದರಿ ಟೈರಿಗೆ 100 ಎಂದು ಕೊಟ್ಟು, ಅದರ ಮೂರು ಪಟ್ಟು ಬಾಳುವಂಥದಕ್ಕೆ 300 ಎಂದು ಕೊಡುತ್ತಾರೆ. ಸಂಖ್ಯೆ ತಗ್ಗಿದಷ್ಟೂ ರಬ್ಬರು ಮೃದುವೆಂದೂ ಹಿಡಿತ ಹೆಚ್ಚೆಂದೂ ಸ್ಥೂಲವಾಗಿ ಹೇಳಬಹುದು. ಮಿಶೆಲಿನ್ ಪೈಲಟ್ ಸ್ಪೋರ್ಟ್ 4 ಎಸ್ ಎಂಬುದಕ್ಕೆ 300. ಯೊಕೊಹಾಮಾ ಅಡ್ವಾನ್ ನಿಯೋವಾ ಎಡಿ 09 ಎಂಬುದಕ್ಕೆ 200. ಟೊಯೊ ಆರ್ 888 ಆರ್ ಎಂಬುದಕ್ಕೆ 100. ಆದರೆ ಈ ಅಂಕಿಯನ್ನು ತಯಾರಕರೇ ಕೊಟ್ಟುಕೊಳ್ಳುವುದರಿಂದ, ಒಬ್ಬರ 200ನ್ನು ಇನ್ನೊಬ್ಬರ 200ರೊಡನೆ ಹೋಲಿಸಿ ಜಗಳವಾಡುವುದು ವ್ಯರ್ಥ. ಅಂಕಗಳನ್ನು ತಾವೇ ಹಾಕಿಕೊಳ್ಳುವ ಪದ್ಧತಿ ಪರೀಕ್ಷಾಮಂದಿರಕ್ಕೂ ಬಂದರೆ ಏನಾದೀತೆಂದು ನಮ್ಮಂಥ ಅಧ್ಯಾಪಕರಿಗೆ ಗೊತ್ತು.

ನಮ್ಮಲ್ಲಿ ಇನ್ನೊಂದು ತೊಡಕೂ ಇದೆ. 2020ರ ಜೂನ್ ತಿಂಗಳಲ್ಲಿ ಭಾರತ ಸರ್ಕಾರವು ಹೊಸ ಟೈರುಗಳ ಆಮದನ್ನು ನಿರ್ಬಂಧಿತ ಪಟ್ಟಿಗೆ ಸೇರಿಸಿತು. ಪರದೇಶದ ಪತ್ರಿಕೆಯಲ್ಲಿ ಹೊಗಳಿದ ಟೈರು ನಮ್ಮ ಪೇಟೆಯಲ್ಲಿ ನಮ್ಮ ಅಳತೆಯಲ್ಲಿ ದೊರೆತೇ ದೊರೆಯುವುದೆಂಬ ಭರವಸೆ ಬೇಡ. ಮೊದಲು ಅಂಗಡಿಯಲ್ಲಿ ವಿಚಾರಿಸಿ, ಅನಂತರ ಮನಸ್ಸು ಮಾಡುವುದು ಜಾಣತನ.

ಹಾಗಾದರೆ ಯಾವುದನ್ನು ಆರಿಸಬೇಕು? ಪಥಕ್ಕೂ ಮನೆಗೂ ಒಂದೇ ಕಾರನ್ನು ನೆಚ್ಚಿರುವವನು ಆರಿಸಬೇಕಾದದ್ದು ಹೋಗುವ ದಾರಿಗೆ ತಕ್ಕ ಟೈರನ್ನಲ್ಲ. ಹಿಂತಿರುಗುವ ದಾರಿಗೆ ತಕ್ಕ ಟೈರನ್ನು. ಅರೆಬೋಳು ಟೈರುಗಳಲ್ಲಿ ನೀರು ಹರಿದುಹೋಗುವ ಕಾಲುವೆಗಳು ಕಡಮೆ. ಚೆನ್ನೈ ಸೀಮೆಯಲ್ಲಿ ಅಕ್ಟೋಬರಿನಿಂದ ಡಿಸೆಂಬರಿನವರೆಗೆ ಹಿಂಗಾರು ಮಳೆ. ದಿನವೆಲ್ಲ ಸವೆಸಿದ ಅಂಥ ಟೈರುಗಳ ಮೇಲೆ ಸಂಜೆ ಸುರಿಮಳೆಯಲ್ಲಿ ಹೆದ್ದಾರಿಗೆ ಇಳಿದರೆ, ರಬ್ಬರಿಗೂ ನೆಲಕ್ಕೂ ನಡುವೆ ನೀರಿನ ಪೊರೆ ಸೇರಿ ಆ ನಾಲ್ಕು ಅಂಗೈಗಳೂ ನೆಲ ಬಿಟ್ಟುಬಿಡುತ್ತವೆ. ಆದುದರಿಂದ ಹೊಸಬನಿಗೆ, ಕಾರಿನ ತಯಾರಕರು ಹೇಳಿದ ಅಳತೆಯಲ್ಲಿಯೇ, ಮಳೆಯಲ್ಲಿಯೂ ನಂಬಬಹುದಾದ ಒಳ್ಳೆಯ ರಸ್ತೆಯ ಟೈರೇ ಸಾಕು. ಅದರಿಂದ ಇನ್ನೊಂದು ಲಾಭವುಂಟು. ಅದು ಜಾರುವ ಮುನ್ನ ಕೀರಲುದನಿಯಲ್ಲಿ ಕೂಗಿ ಹೇಳುತ್ತದೆ, ಜಾರುವುದನ್ನೂ ಮೆಲ್ಲಮೆಲ್ಲನೆ ಜಾರುತ್ತದೆ. ಪಥದ ಟೈರು ಬಹುದೂರ ಮೌನವಾಗಿ ಹಿಡಿದು, ಕೈಬಿಟ್ಟರೆ ತಟ್ಟನೆ ಕೈಬಿಡುತ್ತದೆ. ಮಾತನಾಡುವ ಗುರುವಿನಿಂದ ಕಲಿಯುವುದು ಸುಲಭವಲ್ಲವೆ?

ಟೈರಿಗಿಂತ ಮೊದಲು ಖರ್ಚು ಮಾಡಬೇಕಾದದ್ದೊಂದಿದೆ: ಬ್ರೇಕಿನ ದ್ರವ. ಹೊಸ ಡಾಟ್ 4 ದರ್ಜೆಯ ದ್ರವ 230 ಡಿಗ್ರಿಗಳಿಗಿಂತ ಮೊದಲು ಕುದಿಯಕೂಡದೆಂದು ನಿಯಮ. ಹಳೆಯದಾದಂತೆ ಅದು ತೇವವನ್ನು ಹೀರಿಕೊಂಡು ಬಹಳ ಕೆಳಗೆಯೇ ಕುದಿಯುತ್ತದೆ. ಕುದಿದರೆ ಬ್ರೇಕಿನ ಮೆಟ್ಟುಗೋಲು ಹತ್ತಿಯ ದಿಂಬನ್ನು ತುಳಿದಂತೆ ನೆಲಕ್ಕಿಳಿಯುತ್ತದೆ. ಓಡಲು ಕಲಿಯುವವನಿಗೆ ನಿಲ್ಲುವುದು ಮೊದಲು ಬರಬೇಕು.

ಈಗ ಗಾಳಿಯ ವಿಚಾರ. ಕಾಯಿಸಿದ ಗಾಳಿ ಹಿಗ್ಗುತ್ತದೆಂದು ಪ್ರೌಢಶಾಲೆಯಲ್ಲಿ ಓದಿದ್ದೇವೆ. 30 ಡಿಗ್ರಿಯ ಬೆಳಗಿನಲ್ಲಿ 30 ಪೌಂಡು ತುಂಬಿಸಿದ ಟೈರು, ಒಳಗಿನ ಗಾಳಿ 80 ಡಿಗ್ರಿಗೆ ಕಾದಾಗ ಸುಮಾರು 37 ಪೌಂಡು ತೋರಿಸುತ್ತದೆ. ಹೊಟ್ಟೆಯುಬ್ಬಿದ ಟೈರು ನಡುಭಾಗದ ಮೇಲೆ ಮಾತ್ರ ನಿಂತು ಅಂಚುಗಳನ್ನು ಎತ್ತಿಹಿಡಿಯುತ್ತದೆ. ಆದ್ದರಿಂದ ಬಲ್ಲವರು ಗಮನಿಸುವುದು ತಣ್ಣನೆಯ ಒತ್ತಡವನ್ನಲ್ಲ, ಬಿಸಿಯ ಒತ್ತಡವನ್ನು. ಸರದಿ ಮುಗಿದೊಡನೆ ಅಳೆದು, ಹೆಚ್ಚಾದುದನ್ನು ಸ್ವಲ್ಪ ಸ್ವಲ್ಪವಾಗಿ ಬಿಡುತ್ತಾರೆ. ಇದಕ್ಕೆ ನಮ್ಮ ವೃತ್ತಿಯ ಆಯುಧವೊಂದು ಉಪಕಾರಿಯಾದುದನ್ನು ಕಂಡು ನನಗೆ ಹೆಮ್ಮೆಯಾಯಿತು: ಸೀಮೆಸುಣ್ಣ! ಟೈರಿನ ಭುಜದ ಮೇಲೆ ಅಡ್ಡಲಾಗಿ ಗೆರೆಗಳನ್ನು ಎಳೆದು ಓಡಿಸಿ ಬಂದರೆ, ಎಲ್ಲಿಯವರೆಗೆ ಅಳಿಸಿದೆಯೋ ಅಲ್ಲಿಯವರೆಗೆ ಟೈರು ಮಡಚಿದೆ ಎಂದು ತಿಳಿಯುತ್ತದೆ. ಗೋಡೆಯ ಮೇಲೂ ಅಳಿಸಿದ್ದರೆ ಗಾಳಿ ಕಡಮೆ, ಇಲ್ಲವೆ ಚಕ್ರದ ನಿಲುವು ಸರಿಯಿಲ್ಲ.

ಈ ನಿಲುವಿಗೇ ಅಲೈನ್‌ಮೆಂಟ್ ಎಂದು ಹೆಸರು. ಕಚೇರಿಗೆ ಮುಂಚೆ ವಿದ್ವಾಂಸರು ತಂಬೂರಿಯ ಶ್ರುತಿ ಕೂಡಿಸುವಂತೆ ಇದು. ಇದರಲ್ಲಿ ಮುಖ್ಯವಾದ ತಂತಿಗಳು ಮೂರು.

ಮೊದಲನೆಯದು ಕ್ಯಾಂಬರ್. ಕಾರನ್ನು ಎದುರಿನಿಂದ ನೋಡಿದಾಗ ಚಕ್ರದ ತಲೆ ಒಳಕ್ಕೆ ವಾಲಿದ್ದರೆ ಅದು ಋಣ ಕ್ಯಾಂಬರ್. ತಿರುವಿನಲ್ಲಿ ಕಾರಿನ ಒಡಲು ಹೊರಕ್ಕೆ ವಾಲುತ್ತದೆ; ಅದರೊಡನೆ ಹೊರಗಿನ ಚಕ್ರವೂ ವಾಲಿ, ಟೈರು ತನ್ನ ಹೊರಂಚಿನ ಮೇಲೆ ನಿಲ್ಲುತ್ತದೆ. ಸಣ್ಣ ಕಾರುಗಳಲ್ಲಿ ಸಾಮಾನ್ಯವಾದ ಮ್ಯಾಕ್‌ಫರ್ಸನ್ ಮಾದರಿಯ ಮುಂಗಾಲುಗಳಲ್ಲಿ ಈ ದೋಷ ಹೆಚ್ಚು. ಮೊದಲೇ ಒಳಕ್ಕೆ ವಾಲಿಸಿಟ್ಟರೆ, ಹೊರೆ ಬಿದ್ದಾಗ ಚಕ್ರ ನೆಟ್ಟಗಾಗಿ ಅಂಗೈಯನ್ನು ಪೂರ್ತಿ ಊರುತ್ತದೆ. ಮನೆಬಳಕೆಯ ಕಾರುಗಳಲ್ಲಿ ಈ ವಾಲು ಸಾಮಾನ್ಯವಾಗಿ ಒಂದು ಡಿಗ್ರಿಯೊಳಗೆ. ಪಥಕ್ಕೆ ಹೋಗುವವರು ಮುಂದಿನ ಚಕ್ರಗಳಿಗೆ ಎರಡರಿಂದ ಮೂರು ಡಿಗ್ರಿ ಇಡುವುದುಂಟು. ಎರಡಕ್ಕೂ ಬಳಸುವ ಕಾರಿಗೆ ಒಂದೂವರೆಯ ಸುತ್ತಮುತ್ತ ಒಂದು ರಾಜಿ. ಗಾರೆಯವನ ತೂಗುಗುಂಡಿನಿಂದಲೂ ಇದನ್ನು ಅಳೆಯಬಹುದು: 16 ಅಂಗುಲದ ಚಕ್ರದ ಮೇಲಂಚು ಕೆಳಗಂಚಿಗಿಂತ 7 ಮಿಲಿಮೀಟರು ಒಳಗಿದ್ದರೆ ಒಂದು ಡಿಗ್ರಿ.

ಎರಡನೆಯದು ಟೋ. ಮೇಲಿನಿಂದ ನೋಡಿದಾಗ ಚಕ್ರಗಳ ಮೂತಿ ಒಳಕ್ಕೆ ತಿರುಗಿದೆಯೋ ಹೊರಕ್ಕೋ ಎಂಬುದು. ಮುಂದಿನವು ಕೂದಲೆಳೆಯಷ್ಟು ಹೊರಮುಖವಾಗಿದ್ದರೆ ಕಾರು ತಿರುವಿಗೆ ಚುರುಕಾಗಿ ಇಳಿಯುತ್ತದೆ. ಹಿಂದಿನವು ಕೊಂಚ ಒಳಮುಖವಾಗಿದ್ದರೆ ಬಾಲ ಸ್ಥಿರವಾಗಿರುತ್ತದೆ. ಆದರೆ ಇದರ ಬೆಲೆಯನ್ನು ಕೇಳಿ. ಚಕ್ರವೊಂದು ಕೇವಲ ಕಾಲು ಡಿಗ್ರಿ ಓರೆಯಾಗಿದ್ದರೂ ಪ್ರತಿ ಕಿಲೋಮೀಟರಿಗೆ ನಾಲ್ಕು ಮೀಟರಿಗೂ ಹೆಚ್ಚು ದೂರ ಪಕ್ಕಕ್ಕೆ ಉಜ್ಜಿಕೊಂಡು ಹೋಗುತ್ತದೆ. ಬೆಂಗಳೂರಿನಿಂದ ಪಥಕ್ಕೆ ಹೋಗಿ ಬರುವಷ್ಟರಲ್ಲಿ ಎರಡೂವರೆ ಕಿಲೋಮೀಟರು ಅಡ್ಡಡ್ಡ ಎಳೆದಂತಾಯಿತು! ಕ್ಯಾಂಬರ್ ಟೈರನ್ನು ತಿನ್ನುವುದೆಂದು ದೂರುವವರು ಬಹುಮಂದಿ. ನಿಜವಾಗಿ ನುಂಗುವುದು ಟೋ. ಮನೆಗೂ ಪಥಕ್ಕೂ ಒಂದೇ ಕಾರಿರುವವನು ಮುಂದಿನ ಟೋವನ್ನು ಸೊನ್ನೆಗೆ ಇಡುವುದು ಕ್ಷೇಮ.

ಮೂರನೆಯದು ಕ್ಯಾಸ್ಟರ್: ಪಕ್ಕದಿಂದ ನೋಡಿದಾಗ, ಚಕ್ರ ತಿರುಗುವ ಅಕ್ಷವು ಹಿಂದಕ್ಕೆ ಒರಗಿರುವ ಪ್ರಮಾಣ. ಬೈಸಿಕಲ್ಲಿನ ಮುಂಗವಲು ಒರಗಿರುವುದೂ ಇದೇ ತತ್ವದಿಂದ. ಇದು ಹೆಚ್ಚಿದ್ದರೆ ಕಾರು ನೇರವಾಗಿ ಸಾಗಲು ಬಯಸುತ್ತದೆ. ತಿರುಗಿಸಿದಾಗ ಹೊರಚಕ್ರಕ್ಕೆ ಋಣ ಕ್ಯಾಂಬರ್ ತಾನಾಗಿ ಒದಗುತ್ತದೆ. ಚಾಲಕನ ತೋಳಿಗೆ ಮಾತ್ರ ತುಸು ಭಾರ. ಎಡಬಲಗಳೆರಡೂ ಸಮನಾಗಿರಬೇಕೆಂಬುದು ಇದರ ಮುಖ್ಯ ಕಟ್ಟಳೆ.

ಇಷ್ಟನ್ನೂ ಒಮ್ಮೆಗೇ ತಿರುಚಬಾರದು. ಒಂದು ಸಲಕ್ಕೆ ಒಂದೇ ಬದಲಾವಣೆ. ಮಾಡಿದುದನ್ನು ಪುಸ್ತಕದಲ್ಲಿ ಬರೆದಿಡಬೇಕು. ಸರದಿಯಿಂದ ಬಂದೊಡನೆ ಟೈರಿನ ಒಳಂಚು, ನಡು, ಹೊರಂಚುಗಳ ಶಾಖವನ್ನು ಸೂಜಿಯ ಶಾಖಮಾಪಕದಿಂದ ಅಳೆದರೆ ಟೈರೇ ಉತ್ತರ ಹೇಳುತ್ತದೆ. ನಡು ಬಿಸಿಯಾದರೆ ಗಾಳಿ ಹೆಚ್ಚು. ಅಂಚುಗಳೆರಡೂ ಬಿಸಿಯಾದರೆ ಗಾಳಿ ಕಡಮೆ. ಹೊರಂಚೇ ಬಿಸಿಯಾದರೆ ಇನ್ನಷ್ಟು ಋಣ ಕ್ಯಾಂಬರ್ ಬೇಕು. ಒಳಂಚು ಕೆಲವೇ ಡಿಗ್ರಿ ಹೆಚ್ಚು ಬಿಸಿಯಾಗಿರುವುದು ಆರೋಗ್ಯದ ಚಿಹ್ನೆ.

ಆ ಭಾನುವಾರ ನನ್ನ ವಿದ್ಯಾರ್ಥಿಯ ಕಾರು ಕಾರ್ಖಾನೆಯ ನಿಲುವಿನಲ್ಲಿಯೇ ಇದ್ದಿತು. ಮೊದಲ ಸರದಿಯಲ್ಲಿ ಆತ ಮುಗುಳ್ನಗುತ್ತ ಬಂದ. ಎರಡನೆಯದರಲ್ಲಿ ಬೆವರುತ್ತ ಬಂದ. ಮೂರನೆಯದು ಮುಗಿದಾಗ ಮುಂದಿನ ಎಡ ಟೈರಿನ ಹೊರಂಚು ಇಲಿ ಕಡಿದ ಕೊಬ್ಬರಿಯಂತಾಗಿತ್ತು. ನಾಲ್ಕನೆಯ ಸರದಿಗೂ ಹಣ ಕಟ್ಟಿಯಾಗಿತ್ತು. ಕಟ್ಟಿದ ಹಣವನ್ನು ಬಿಟ್ಟುಕೊಡುವುದು ಮಧ್ಯಮವರ್ಗದ ಯಾವ ಮನುಷ್ಯನಿಗೂ ಸುಲಭವಲ್ಲ. ಆತ ಟೈರಿನ ಮುಂದೆ ಕುಕ್ಕರಗಾಲಿನಲ್ಲಿ ಕುಳಿತು ಬಹಳ ಹೊತ್ತು ನೋಡಿದ. ಕಾರಿನ ಟೈರಿನ ಕಾಲುವೆ 1.6 ಮಿಲಿಮೀಟರಿಗಿಂತ ಕಡಮೆಯಾಗಬಾರದೆಂದು ನಮ್ಮ ಕಾನೂನು. ಅಂಚಿನಲ್ಲಿ ಅದಕ್ಕಿಂತ ಸ್ವಲ್ಪವೇ ಹೆಚ್ಚು ಉಳಿದಿತ್ತು. ಪೂರ್ವದಿಕ್ಕಿನಲ್ಲಿ ಮೋಡ ಕವಿಯುತ್ತಿತ್ತು. ಮನೆ ಮುನ್ನೂರು ಕಿಲೋಮೀಟರು ದೂರ. ಓಟದ ಪಥದಲ್ಲಿ ಆದ ನಷ್ಟಕ್ಕೆ ಸಾಮಾನ್ಯ ವಿಮೆ ಒಂದು ಕಾಸನ್ನೂ ಕೊಡುವುದಿಲ್ಲವೆಂಬುದೂ ಅವನಿಗೆ ಗೊತ್ತಿತ್ತು. ಎದ್ದು, ಶಿರಸ್ತ್ರಾಣವನ್ನು ಚೀಲಕ್ಕೆ ಹಾಕಿದ. ಸವೆದ ಟೈರನ್ನು ಹಿಂದಕ್ಕೆ ಬದಲಿಸದೆ ಬಿಚ್ಚಿ, ಡಿಕ್ಕಿಯಲ್ಲಿದ್ದ ಅದೇ ಅಳತೆಯ ಹೆಚ್ಚುವರಿ ಚಕ್ರವನ್ನು ತೊಡಿಸಿದ. ಎಲ್ಲ ಚಕ್ರಗಳ ನಟ್ಟುಗಳನ್ನೂ ಮತ್ತೆ ಬಿಗಿದು ನೋಡಿದ. ಟೈರುಗಳು ತಣಿಯುವವರೆಗೆ ಕಾದು, ಬಿಟ್ಟ ಗಾಳಿಯನ್ನು ತಿರುಗಿ ತುಂಬಿಸಿದ. ರಾಣಿಪೇಟೆ ದಾಟುವಷ್ಟರಲ್ಲಿ ಮಳೆ ಹಿಡಿಯಿತು. ಆತ ಅರುವತ್ತು ಕಿಲೋಮೀಟರಿನ ವೇಗದಲ್ಲಿ, ಮುಂದಿನ ವಾಹನದಿಂದ ಬಲುದೂರ ಉಳಿದು ಓಡಿಸಿದ. ಹಿಂದಿನಿಂದ ಹಾರನ್ನು ಮೊಳಗಿಸಿದವರಿಗೆಲ್ಲ ದಾರಿ ಬಿಟ್ಟುಕೊಟ್ಟ.

ತಾಯಿಯ ಪ್ರಶ್ನೆಗೆ ನನಗೆ ಉತ್ತರ ದೊರೆತದ್ದು ಆ ಮಳೆಯಲ್ಲಿ. ಅದನ್ನು ಹೀಗೆ ಹೇಳಿದೆ: "ಅಮ್ಮಾ, ಹಿಡಿತ ಎಲ್ಲಿ ಮುಗಿಯುತ್ತದೆಂದು ನಿಮ್ಮ ಮಗ ಎದುರಿನಿಂದ ಯಾರೂ ಬರದ ಜಾಗದಲ್ಲಿ ನೋಡಿಕೊಂಡು ಬಂದಿದ್ದಾನೆ. ಅದನ್ನು ಕಾಣದವನು ಅದು ಇಲ್ಲವೆಂದೇ ತಿಳಿದು ಓಡಿಸುತ್ತಾನೆ." ಆಕೆ ಪೂರ್ತಿ ಒಪ್ಪಿದಂತೆ ಕಾಣಲಿಲ್ಲ. "ಟೈರಿಗೆ ಎಷ್ಟು ಖರ್ಚಾಯಿತು?" ಎಂದು ಮಾತ್ರ ಕೇಳಿದರು. ಆ ಪ್ರಶ್ನೆಗೆ ಉತ್ತರ ಹೇಳುವ ಧೈರ್ಯ ಗುರುಶಿಷ್ಯರಿಬ್ಬರಿಗೂ ಇರಲಿಲ್ಲ.

ಪಥಕ್ಕೆ ಎಂದೂ ಹೋಗದ ವಾಚಕರಿಗೂ ನನ್ನದೊಂದು ಬಿನ್ನಹ. ಈ ವಾರ ಬೆಳಗ್ಗೆ, ಕಾರು ತಣ್ಣಗಿರುವಾಗ, ಹೊರಗೆ ಬಂದು ಬಗ್ಗಿ ನೋಡಿ. ಗಾಳಿಯನ್ನು ಅಳೆಯಿಸಿ, ಚಾಲಕನ ಬಾಗಿಲ ಚೌಕಟ್ಟಿನಲ್ಲೋ ಕೈಪಿಡಿಯಲ್ಲೋ ಬರೆದ ಅಂಕಿಯೊಡನೆ ಹೋಲಿಸಿ. ಕಾಲುವೆಗಳ ಆಳವನ್ನೂ, ತಯಾರಾದ ವಾರವನ್ನೂ, ಒಂದೇ ಅಂಚು ಸವೆದಿದೆಯೇ ಎಂಬುದನ್ನೂ ಗಮನಿಸಿ. ಹೆಚ್ಚುವರಿ ಚಕ್ರವನ್ನು ಮರೆಯಬೇಡಿ. ಐದು ನಿಮಿಷದ ಕೆಲಸ. ಕಾಫಿ ಆರುವುದರೊಳಗೆ ಮುಗಿಯುತ್ತದೆ.